ಅಂಕಿಗಳಿಗೆ ಸಿಗದ ದಾಕ್ಷಿಣ್ಯ: ಗೀರ್ಟ್ ಹಾಫ್‌ಸ್ಟೆಡ್ ಅವರ ಸಂಶೋಧನೆ ಮತ್ತು ಕನ್ನಡ ಅಧ್ಯಯನದ ಹೊಣೆ

1

'ಸಂಸ್ಕೃತಿ' ಎಂಬುದು ಕನ್ನಡ ಅಧ್ಯಯನ ವಿಭಾಗಗಳಲ್ಲಿ ಬಹುವಾಗಿ ಬಳಕೆಯಾಗಿರುವ ಪರಿಕಲ್ಪನೆಗಳಲ್ಲಿ ಒಂದು. ಶಾಸನ, ಜಾನಪದ, ವಚನ, ನಡುಗನ್ನಡ ಕಾವ್ಯ, ಆಧುನಿಕ ಕಾದಂಬರಿ ಮುಂತಾದ ಆಕರಗಳ ಮೂಲಕ ಕನ್ನಡ ಸಂಸ್ಕೃತಿಯ ಸ್ವರೂಪವನ್ನು ಗುರುತಿಸುವ ಪ್ರಯತ್ನಗಳು ಹಲವು ದಶಕಗಳಿಂದ ನಡೆದಿವೆ. ಆದರೆ ಇದೇ ಅವಧಿಯಲ್ಲಿ ಸಂಸ್ಕೃತಿಯನ್ನು ತನ್ನ ಅಧ್ಯಯನದ ವಸ್ತುವಾಗಿ ಕೈಗೆತ್ತಿಕೊಂಡ ಇನ್ನೊಂದು ಜ್ಞಾನಶಾಖೆ ಬೆಳೆದುಬಂದಿರುವುದನ್ನು ನಮ್ಮ ವಿಭಾಗಗಳು ಅಷ್ಟಾಗಿ ಗಮನಿಸಿದಂತಿಲ್ಲ. ವಾಣಿಜ್ಯ ಮತ್ತು ನಿರ್ವಹಣಾ ಶಾಸ್ತ್ರದ ವಿಭಾಗಗಳಲ್ಲಿ ಅದನ್ನು ಅಂತರ್‌ಸಾಂಸ್ಕೃತಿಕ ನಿರ್ವಹಣೆ ಎಂದು ಕರೆಯಲಾಗುತ್ತದೆ. ಒಂದು ದೇಶದ ಕಂಪನಿ ಮತ್ತೊಂದು ದೇಶದ ಜನರನ್ನು ಕೆಲಸಕ್ಕೆ ಇಟ್ಟುಕೊಂಡಾಗ ಅಥವಾ ಎರಡು ದೇಶಗಳ ಕಂಪನಿಗಳು ಒಪ್ಪಂದಕ್ಕೆ ಬಂದಾಗ ಅವರವರ ನಡೆನುಡಿಗಳ ಭಿನ್ನತೆ ಕೆಲಸದ ಮೇಲೆ ಯಾವ ಪರಿಣಾಮ ಬೀರುತ್ತದೆ ಎಂಬುದು ಈ ಶಾಸ್ತ್ರದ ಮೂಲಪ್ರಶ್ನೆ.

ಈ ಕ್ಷೇತ್ರದಲ್ಲಿ ಅತಿ ಹೆಚ್ಚು ಉಲ್ಲೇಖಗೊಳ್ಳುವ ಹೆಸರುಗಳಲ್ಲಿ ನೆದರ್ಲೆಂಡ್ಸ್‌ನ ಗೀರ್ಟ್ ಹಾಫ್‌ಸ್ಟೆಡ್ (1928-2020) ಅವರದು ಮೊದಲನೆಯದು ಎಂದರೆ ತಪ್ಪಾಗಲಾರದು. ಎಂ.ಬಿ.ಎ. ತರಗತಿಗಳ ಪಠ್ಯಗಳಲ್ಲಿ, ವಿದೇಶಿ ಗ್ರಾಹಕರೊಡನೆ ವ್ಯವಹರಿಸುವ ನೌಕರರಿಗೆ ಕೊಡುವ ತರಬೇತಿಗಳಲ್ಲಿ ಅವರು ದೇಶಗಳಿಗೆ ಕೊಟ್ಟ ಅಂಕಗಳು ಇಂದಿಗೂ ಬಳಕೆಯಲ್ಲಿವೆ. ಕರ್ನಾಟಕದ ಹಳ್ಳಿಯೊಂದರಿಂದ ಬಂದು ಬೆಂಗಳೂರಿನ ಕಂಪನಿಯಲ್ಲಿ ದುಡಿಯುವ ತರುಣಿಯೊಬ್ಬಳು ಮೇಲಧಿಕಾರಿಯ ಎದುರು ಏಕೆ ಮಾತಾಡುವುದಿಲ್ಲ ಎಂಬ ಪ್ರಶ್ನೆಗೆ ಆ ಅಂಕಗಳಲ್ಲಿ ಸಿದ್ಧ ಉತ್ತರವೊಂದು ದೊರೆಯುತ್ತದೆ. ಆ ಉತ್ತರ ಎಷ್ಟರಮಟ್ಟಿಗೆ ಸರಿ ಎಂಬುದನ್ನು ಪರೀಕ್ಷಿಸಬೇಕಾದವರಲ್ಲಿ ಕನ್ನಡ ಅಧ್ಯಯನಕಾರರೂ ಸೇರಿದ್ದಾರೆ. ಹಾಫ್‌ಸ್ಟೆಡ್ ಅವರ ವಿದ್ವತ್ ಬದುಕನ್ನೇ ಸಮೀಪದಿಂದ ನೋಡಿದರೆ ಅದಕ್ಕೆ ಬೇಕಾದ ದಾರಿಯೂ ಅಲ್ಲಿಯೇ ಇರುವುದು ಕಂಡುಬರುತ್ತದೆ ಎಂಬುದು ಪ್ರಸ್ತುತ ಲೇಖನದ ನಿಲುವು.

2

ಹಾಫ್‌ಸ್ಟೆಡ್ ಮೂಲತಃ ಯಂತ್ರಶಾಸ್ತ್ರದ ವಿದ್ಯಾರ್ಥಿ. 1953ರಲ್ಲಿ ಡೆಲ್ಫ್ಟ್‌ನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಪದವಿ ಮುಗಿಸಿ, ಎರಡು ವರ್ಷ ಸೈನ್ಯದಲ್ಲಿದ್ದು, 1955ರಲ್ಲಿ ಕೈಗಾರಿಕೆಯನ್ನು ಪ್ರವೇಶಿಸಿದರು. ಎಂಜಿನಿಯರ್ ಆಗಿದ್ದೂ ಅವರು ಮೊದಲು ಆಮ್‌ಸ್ಟರ್‌ಡ್ಯಾಮ್‌ನ ಕಾರ್ಖಾನೆಯೊಂದರಲ್ಲಿ ಸಾಮಾನ್ಯ ಕಾರ್ಮಿಕರಾಗಿ ದುಡಿದರು ಎಂಬುದು ಗಮನಾರ್ಹ. ಸಂಸ್ಥೆಯೊಂದನ್ನು ಕೆಳಗಿನಿಂದ ನೋಡಿದ ಈ ಅನುಭವ ಅವರ ಮುಂದಿನ ಆಸಕ್ತಿಗಳಿಗೆ ಹಿನ್ನೆಲೆಯಾಗಿದೆ. ಮುಂದೆ ನೌಕರಿಯಲ್ಲಿದ್ದುಕೊಂಡೇ ಗ್ರೋನಿಂಗೆನ್ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಕೈಗೊಂಡು, ಕಂಪನಿಗಳ ಆಯವ್ಯಯ ನಿಯಂತ್ರಣದಲ್ಲಿ ಮನುಷ್ಯಸಂಬಂಧಗಳ ಪಾತ್ರವನ್ನು ಕುರಿತ ಪ್ರಬಂಧಕ್ಕೆ 1967ರಲ್ಲಿ ಡಾಕ್ಟರೇಟ್ ಪಡೆದರು.

1965ರಲ್ಲಿ ಅವರು ಐ.ಬಿ.ಎಂ. ಕಂಪನಿಯ ಯೂರೋಪ್ ಶಾಖೆಯಲ್ಲಿ ನೌಕರವರ್ಗದ ಸಂಶೋಧನಾ ವಿಭಾಗವನ್ನು ಕಟ್ಟಿದರು. ನೌಕರರ ಮನೋಭಾವವನ್ನು ತಿಳಿಯಲು ಕಂಪನಿ ನಡೆಸಿದ ಸಮೀಕ್ಷೆಗಳು 1967ರಿಂದ 1973ರವರೆಗಿನ ಅವಧಿಯಲ್ಲಿ 72 ದೇಶಗಳಿಗೆ ಹಬ್ಬಿದವು. ಪ್ರಶ್ನಾವಳಿ 20 ಭಾಷೆಗಳಲ್ಲಿ ಸಿದ್ಧವಾಯಿತು. ಒಟ್ಟು 1,16,000ಕ್ಕೂ ಹೆಚ್ಚು ಉತ್ತರಪತ್ರಿಕೆಗಳು ಸಂಗ್ರಹವಾದವು. ಇವು ಕಂಪನಿಯ ಉಪಯೋಗಕ್ಕಾಗಿ ಕೇಳಿದ ಪ್ರಶ್ನೆಗಳೇ ಹೊರತು ಸಂಸ್ಕೃತಿಯ ಅಧ್ಯಯನಕ್ಕೆಂದು ರೂಪಿಸಿದವುಗಳಲ್ಲ. ರಾಶಿಯಾಗಿ ಬಿದ್ದಿದ್ದ ಈ ಕಾಗದಗಳಲ್ಲಿ ಬೇರೊಂದು ಅರ್ಥ ಅಡಗಿರಬಹುದೆಂದು ಊಹಿಸಿದ್ದು ಹಾಫ್‌ಸ್ಟೆಡ್ ಅವರ ಪ್ರತಿಭೆ. ಸ್ವಿಟ್ಜರ್ಲೆಂಡಿನ ಲೋಸಾನ್‌ನ ನಿರ್ವಹಣಾ ಶಾಲೆಯಲ್ಲಿ ಪಾಠ ಹೇಳಲು ಹೋದಾಗ, ಐ.ಬಿ.ಎಂ.ಗೆ ಸಂಬಂಧವೇ ಇಲ್ಲದ, ಹಲವು ದೇಶಗಳಿಂದ ಬಂದಿದ್ದ ಶಿಬಿರಾರ್ಥಿಗಳಿಗೆ ಅವೇ ಪ್ರಶ್ನೆಗಳಲ್ಲಿ ಕೆಲವನ್ನು ಕೊಟ್ಟರು. ದೇಶದೇಶಗಳ ನಡುವಿನ ಅಂತರಗಳು ಅಲ್ಲಿಯೂ ಹೆಚ್ಚುಕಡಿಮೆ ಅದೇ ರೀತಿಯಲ್ಲಿ ಕಾಣಿಸಿಕೊಂಡವು. ಹಾಗಾದರೆ ಇದು ಕಂಪನಿಯ ಗುಣವಲ್ಲ, ದೇಶದ ಗುಣ ಎಂಬ ತೀರ್ಮಾನಕ್ಕೆ ಅವರು ಬಂದರು.

ಇದರ ಫಲವಾಗಿ 1980ರಲ್ಲಿ 'ಕಲ್ಚರ್ಸ್ ಕಾನ್ಸಿಕ್ವೆನ್ಸಸ್' ಗ್ರಂಥ ಹೊರಬಂದಿತು. ಅದರಲ್ಲಿ ಐ.ಬಿ.ಎಂ.ನ ನಿಜನಾಮವನ್ನು ಮರೆಸಿ 'ಹರ್ಮೀಸ್' ಎಂಬ ಹೆಸರಿಟ್ಟಿದ್ದರು. 40 ದೇಶಗಳನ್ನು ನಾಲ್ಕು ಆಯಾಮಗಳ ಮೇಲೆ ಇರಿಸಿ ಒಂದೊಂದಕ್ಕೂ ಅಂಕ ಕೊಡಲಾಗಿತ್ತು: ಅಧಿಕಾರದ ಅಂತರ, ಅನಿಶ್ಚಿತತೆಯನ್ನು ದೂರವಿಡುವ ಪ್ರವೃತ್ತಿ, ವ್ಯಕ್ತಿವಾದ ಹಾಗೂ ಪುರುಷತ್ವ. ಮುಂದೆ ಈ ಪಟ್ಟಿ 50 ದೇಶ ಮತ್ತು 3 ಪ್ರದೇಶಗಳಿಗೆ ವಿಸ್ತರಿಸಿತು. ಗ್ರಂಥ ಪ್ರಕಟವಾದ ಮೇಲೂ ಅವರು ಕೆಲಕಾಲ ಕೈಗಾರಿಕೆಯಲ್ಲಿಯೇ ಇದ್ದು, 1985ರಿಂದ 1993ರಲ್ಲಿ ನಿವೃತ್ತರಾಗುವವರೆಗೆ ಮಾಸ್ಟ್ರಿಕ್ಟ್‌ನ ವಿಶ್ವವಿದ್ಯಾಲಯದಲ್ಲಿ ಸಂಸ್ಥೆಗಳ ಮಾನವಶಾಸ್ತ್ರ ಮತ್ತು ಅಂತರರಾಷ್ಟ್ರೀಯ ನಿರ್ವಹಣೆಯ ಪ್ರಾಧ್ಯಾಪಕರಾಗಿದ್ದರು. ಮಾನವಶಾಸ್ತ್ರ ಮತ್ತು ನಿರ್ವಹಣೆ ಎಂಬ ಎರಡು ಪದಗಳು ಒಂದೇ ಪೀಠದ ಹೆಸರಿನಲ್ಲಿ ಕೂಡಿಬಂದದ್ದು ಅವರ ಬದುಕಿನ ಸಾರವನ್ನು ಹೇಳುವಂತಿದೆ.

3

ಹಾಫ್‌ಸ್ಟೆಡ್ ಅವರ ಕೊಡುಗೆಯನ್ನು ಅಲ್ಲಗಳೆಯುವುದು ಸುಲಭವೂ ಅಲ್ಲ, ನ್ಯಾಯವೂ ಅಲ್ಲ. ಎರಡನೆಯ ಮಹಾಯುದ್ಧದ ನಂತರ ಅಮೆರಿಕದಲ್ಲಿ ಹುಟ್ಟಿದ ನಿರ್ವಹಣಾ ಸಿದ್ಧಾಂತಗಳು ಜಗತ್ತಿನ ಎಲ್ಲ ಮನುಷ್ಯರಿಗೂ ಅನ್ವಯಿಸುತ್ತವೆ ಎಂದು ನಂಬಲಾಗಿದ್ದ ಕಾಲದಲ್ಲಿ, ಆ ಸಿದ್ಧಾಂತಗಳೂ ಒಂದು ನಿರ್ದಿಷ್ಟ ಸಂಸ್ಕೃತಿಯ ಕೂಸುಗಳೇ ಎಂದು ಅವರು ವಾದಿಸಿದರು. 1980ರ ಲೇಖನವೊಂದರಲ್ಲಿ ಅವರು ಅಮೆರಿಕದ ಮನೋವಿಜ್ಞಾನಿ ಡೇವಿಡ್ ಮೆಕ್ಲೆಲ್ಯಾಂಡ್ ಅವರ ಪ್ರಸಿದ್ಧ 'ಅಚೀವ್‌ಮೆಂಟ್' ಪರಿಕಲ್ಪನೆಯನ್ನು ಪ್ರಸ್ತಾಪಿಸಿ, ಆ ಪದವೇ ಇಂಗ್ಲಿಷಿನಾಚೆ ಬೇರಾವ ಭಾಷೆಗೂ ಸರಿಯಾಗಿ ಅನುವಾದಗೊಳ್ಳುವುದಿಲ್ಲ ಎಂಬುದರತ್ತ ಗಮನ ಸೆಳೆದರು. ಕನ್ನಡ ವಿದ್ಯಾರ್ಥಿಗೆ ಈ ಮಾತು ತಟ್ಟನೆ ಅರ್ಥವಾಗುತ್ತದೆ. ನಾವು 'ಸಾಧನೆ' ಎನ್ನುತ್ತೇವೆ. ಆದರೆ ಕನ್ನಡದ ಸಾಧನೆಯಲ್ಲಿ ಯೋಗಿಯ ಸಾಧನೆ, ಸಂಗೀತಗಾರನ ಸಾಧನೆಗಳೂ ಸೇರಿವೆ. ಅಲ್ಲಿ ಗೆಲುವಿಗಿಂತ ನಿಷ್ಠೆಯಿಂದ ಮಾಡಿದ ಅಭ್ಯಾಸಕ್ಕೆ ಹೆಚ್ಚು ಬೆಲೆ. ಪಕ್ಕದ ಮನುಷ್ಯನನ್ನು ಮೀರಿಸಬೇಕೆಂಬ ಹಂಬಲಕ್ಕೆ ಕನ್ನಡದಲ್ಲಿ ಬೇರೆ ಪದಗಳಿವೆ. ಅವುಗಳಲ್ಲಿ ಹಲವು ಹೊಗಳಿಕೆಯ ಪದಗಳಲ್ಲ.

ತಮ್ಮ ಅಂಕಗಳು ದೇಶಗಳ ಸರಾಸರಿಯನ್ನು ಹೇಳುತ್ತವೆಯೇ ವಿನಾ ವ್ಯಕ್ತಿಗಳನ್ನು ಅಳೆಯಲು ಬಳಸತಕ್ಕವಲ್ಲ ಎಂದೂ ಹಾಫ್‌ಸ್ಟೆಡ್ ಮತ್ತೆಮತ್ತೆ ಎಚ್ಚರಿಸಿದ್ದರು. ಅಷ್ಟೇ ಅಲ್ಲ, ಮೌಲ್ಯಗಳನ್ನು ಕುರಿತು ಬರೆಯುವವನು ತನ್ನ ಮೌಲ್ಯಗಳನ್ನು ಮುಚ್ಚಿಡಬಾರದೆಂದು ತಮ್ಮ ಮೌಲ್ಯಗಳನ್ನೂ ಆ ಗ್ರಂಥದ ಅನುಬಂಧದಲ್ಲಿ ವಿವರಿಸಿದ್ದರು. ಸಮಾಜವಿಜ್ಞಾನದಲ್ಲಿ ಇಂಥ ಪ್ರಾಮಾಣಿಕತೆ ಅಪರೂಪ.

ಆದರೆ ಅವರು ಕೊಟ್ಟ ಎಚ್ಚರಿಕೆಗಿಂತ ಅಂಕಗಳೇ ಹೆಚ್ಚು ದೂರ ಸಂಚರಿಸಿದವು. ಭಾರತಕ್ಕೆ ದೊರೆತ ಅಂಕಗಳನ್ನು ನೋಡಬಹುದು: ಅಧಿಕಾರದ ಅಂತರದಲ್ಲಿ 77, ವ್ಯಕ್ತಿವಾದದಲ್ಲಿ 48, ಪುರುಷತ್ವದಲ್ಲಿ 56, ಅನಿಶ್ಚಿತತೆಯನ್ನು ದೂರವಿಡುವಲ್ಲಿ 40. ಇದೇ ಅಧಿಕಾರದ ಅಂತರದಲ್ಲಿ ಆಸ್ಟ್ರಿಯಾ ಪಡೆದದ್ದು 11. ಭಾರತೀಯರು ಶ್ರೇಣೀಕರಣವನ್ನು ಸಹಜವೆಂದು ಒಪ್ಪುವವರು, ಮೇಲಿನವರ ಮಾತಿಗೆ ಎದುರಾಡದವರು ಎಂಬುದು ಈ 77ಕ್ಕೆ ಕೊಡಲಾಗುವ ಸಾಮಾನ್ಯ ವ್ಯಾಖ್ಯಾನ.

ಈ ಅಂಕಕ್ಕೆ ಆಧಾರವಾದವರು ಯಾರು? ಅಂದಿನ ಭಾರತದಲ್ಲಿ ಅಮೆರಿಕದ ಗಣಕಯಂತ್ರ ಕಂಪನಿಯೊಂದರ ಕಚೇರಿಗಳಲ್ಲಿ ಮಾರಾಟ ಹಾಗೂ ಸೇವಾ ವಿಭಾಗಗಳಲ್ಲಿದ್ದ ನೌಕರರು. ಐ.ಬಿ.ಎಂ. 1978ರಲ್ಲಿ ಭಾರತವನ್ನೇ ಬಿಟ್ಟು ಹೋಯಿತು. 1992ರಲ್ಲಿ ಟಾಟಾ ಸಂಸ್ಥೆಯ ಜೊತೆಗಾರಿಕೆಯಲ್ಲಿ ಮರಳಿತು. ಕಂಪನಿ ಹೋಗಿ ಬಂದರೂ, ಜಾಗತೀಕರಣದಿಂದ ದೇಶದ ದುಡಿಮೆಯ ಸ್ವರೂಪ ಬದಲಾದರೂ ಆ 77 ಮಾತ್ರ ಕದಲದೆ ಉಳಿಯಿತು. 2002ರಲ್ಲಿ ಬ್ರೆಂಡನ್ ಮ್ಯಾಕ್‌ಸ್ವೀನಿ ಬರೆದ ತೀಕ್ಷ್ಣ ವಿಮರ್ಶೆ ಈ ದೌರ್ಬಲ್ಯವನ್ನು ಎತ್ತಿ ತೋರಿಸಿತು. ಪಾಕಿಸ್ತಾನದಲ್ಲಿ ಮೊದಲ ಸುತ್ತಿನಲ್ಲಿ ಉತ್ತರಿಸಿದವರು 37 ಮಂದಿ, ಎರಡನೆಯ ಸುತ್ತಿನಲ್ಲಿ 70 ಮಂದಿ ಮಾತ್ರ. ಒಂದು ಲಕ್ಷಕ್ಕೂ ಮೀರಿದ ಒಟ್ಟು ಸಂಖ್ಯೆಯ ನೆರಳಿನಲ್ಲಿ ಇಂಥ ಸಣ್ಣ ಸಂಖ್ಯೆಗಳು ಮರೆಯಾಗಿದ್ದವು. ಹಾಫ್‌ಸ್ಟೆಡ್ ಅದೇ ವರ್ಷ ಉತ್ತರ ಕೊಟ್ಟರು, ವಾದವಿವಾದ ಮುಂದುವರಿಯಿತು. ಆದರೆ ಸಂಖ್ಯೆ ಸಾಲದು ಎಂಬ ಆಕ್ಷೇಪಕ್ಕಿಂತ ಮೂಲಭೂತವಾದ ಇನ್ನೊಂದು ಪ್ರಶ್ನೆ ಇದೆ. ಅದು ಭಾಷೆಗೆ ಸಂಬಂಧಿಸಿದ್ದು.

4

ಅಧಿಕಾರದ ಅಂತರದ ಅಂಕ ಮೂರು ಪ್ರಶ್ನೆಗಳ ಉತ್ತರಗಳಿಂದ ರೂಪುಗೊಂಡಿತು. ನೌಕರರು ತಮ್ಮ ಮೇಲಧಿಕಾರಿಯೊಡನೆ ಭಿನ್ನಾಭಿಪ್ರಾಯ ಹೇಳಲು ಎಷ್ಟು ಬಾರಿ ಹೆದರುತ್ತಾರೆ ಎಂಬುದು ಒಂದು. ಅಧಿಕಾರಿ ನಿಜದಲ್ಲಿ ಯಾವ ಬಗೆಯವರು ಎಂಬುದು ಎರಡನೆಯದು. ಅಧಿಕಾರಿ ಯಾವ ಬಗೆಯವರಾಗಿರಬೇಕೆಂದು ನೌಕರರು ಬಯಸುತ್ತಾರೆ ಎಂಬುದು ಮೂರನೆಯದು. ಎರಡನೆಯ ಪ್ರಶ್ನೆಯ ಲೆಕ್ಕಾಚಾರದಲ್ಲಿ, ತಾನೇ ನಿರ್ಧರಿಸಿ ಆಜ್ಞೆ ಮಾಡುವ ಅಧಿಕಾರಿಯನ್ನೂ, ತಾನೇ ನಿರ್ಧರಿಸಿದರೂ ಕೈಕೆಳಗಿನವರಿಗೆ ಕಾರಣಗಳನ್ನು ತಿಳಿಹೇಳಿ ಒಪ್ಪಿಸುವ ಅಧಿಕಾರಿಯನ್ನೂ ಒಂದೇ ಗುಂಪಿಗೆ ಸೇರಿಸಲಾಗಿದೆ. ಪಟ್ನಾದ ಮನೋವಿಜ್ಞಾನಿ ಜೈ ಬಿ. ಪಿ. ಸಿನ್ಹಾ ಅವರು ಹಾಫ್‌ಸ್ಟೆಡ್ ಗ್ರಂಥ ಬಂದ 1980ರಲ್ಲಿಯೇ, ಕೈಕೆಳಗಿನವರನ್ನು ಪೋಷಿಸುತ್ತ ಅವರಿಂದ ಕೆಲಸ ತೆಗೆಯುವ ನಾಯಕತ್ವವನ್ನು ದರ್ಪದ ನಾಯಕತ್ವದಿಂದ ಬೇರ್ಪಡಿಸಿ ವಿವರಿಸಿದ್ದರು. ಭಾರತದ ಕಚೇರಿಗಳನ್ನು ಒಳಗಿನಿಂದ ನೋಡಿದವರಿಗೆ ಈ ವ್ಯತ್ಯಾಸ ಸಣ್ಣದೆನಿಸಲಾರದು.

ಮೊದಲನೆಯ ಪ್ರಶ್ನೆಯಲ್ಲಿರುವ 'ಹೆದರುವುದು' ಎಂಬ ಕ್ರಿಯಾಪದವನ್ನು ಕನ್ನಡದ ನೆಲೆಯಿಂದ ಪರಿಶೀಲಿಸಬೇಕು. ಕನ್ನಡಿಗನೊಬ್ಬ ಹಿರಿಯರ ಮುಂದೆ ಮಾತಾಡದೆ ಇರುವುದಕ್ಕೆ ಭಾಷೆ ಹಲವು ಕಾರಣಗಳನ್ನು ಗುರುತಿಸಿದೆ. ಶಿಕ್ಷೆಯಾದೀತೆಂಬ ನಿರೀಕ್ಷೆಯಿಂದ ಸುಮ್ಮನಿದ್ದರೆ ಅದು ಹೆದರಿಕೆ. ತನ್ನ ಯೋಗ್ಯತೆಯ ಬಗೆಗೇ ಅನುಮಾನವಿದ್ದರೆ ಅದು ಅಳುಕು. ಎಲ್ಲರ ಕಣ್ಣು ತನ್ನ ಮೇಲೆ ಬೀಳುವುದೆಂಬ ಮುದುಡುವಿಕೆ ಸಂಕೋಚ. ಎದುರಿನವರಿಂದ ಉಪಕಾರ ಪಡೆದಿದ್ದರೆ ಅದು ಹಂಗು. ಎದುರಿನವರ ಮನಸ್ಸಿಗೆ ನೋವಾಗಬಾರದು, ಅವರ ಮಾತು ನಾಲ್ಕು ಜನರೆದುರು ಬಿದ್ದುಹೋಗಬಾರದು ಎಂಬ ಕಾಳಜಿಯಿಂದ ತನ್ನ ಮಾತನ್ನು ತಡೆದುಕೊಂಡರೆ ಅದು ದಾಕ್ಷಿಣ್ಯ. ಉತ್ತರ ಕರ್ನಾಟಕದಲ್ಲಿ ಇದಕ್ಕೆ ಹತ್ತಿರವಾದ 'ಭಿಡೆ' ಎಂಬ ಪದವಿದೆ. 'ಮುಲಾಜು' ಎಂಬುದು ಎಲ್ಲೆಡೆ ಬಳಕೆಯಲ್ಲಿದೆ. ಹೊರಗಿನಿಂದ ನೋಡುವವರಿಗೆ ಇವೆಲ್ಲವೂ ಒಂದೇ ಮೌನ. ಪ್ರಶ್ನಾವಳಿಯ ಐದು ಹಂತಗಳ ಅಳತೆಗೋಲಿನಲ್ಲಿ ಇವೆಲ್ಲಕ್ಕೂ ಬೀಳುವ ಗುರುತು ಒಂದೇ.

ಆದರೆ ಈ ಮೌನಗಳ ಸಾಮಾಜಿಕ ಅರ್ಥ ಒಂದೇ ಅಲ್ಲ. ಹೆದರಿಕೆ ಅಧಿಕಾರವಿರುವವನ ಕಡೆಯಿಂದ ಬರುತ್ತದೆ. ದಾಕ್ಷಿಣ್ಯ ಮಾತಾಡಬಹುದಾದವನ ಕಡೆಯಿಂದ ಬರುತ್ತದೆ. ದಾಕ್ಷಿಣ್ಯ ಮೇಲಿನವರಿಗೆ ಮಾತ್ರ ಮೀಸಲಲ್ಲ. ಒಡೆಯನಿಗೆ ಹಳೆಯ ಆಳಿನ ದಾಕ್ಷಿಣ್ಯವಿರಬಹುದು, ಅತ್ತೆಗೆ ಸೊಸೆಯ ತವರಿನವರ ದಾಕ್ಷಿಣ್ಯವಿರಬಹುದು. ಅದು ಶ್ರೇಣಿಯ ಅಳತೆಯಲ್ಲ, ಸಂಬಂಧದ ಅಳತೆ. ಹಾಗೆಂದು ಅದನ್ನು ವೈಭವೀಕರಿಸಬೇಕಾಗಿಯೂ ಇಲ್ಲ. ದಾಕ್ಷಿಣ್ಯಕ್ಕೆ ಬಸಿರಾದರೆ ಹೆರಲು ಜಾಗವಿಲ್ಲ ಎಂಬ ಗಾದೆ ಇರುವ ಭಾಷೆ ದಾಕ್ಷಿಣ್ಯದ ಅಪಾಯವನ್ನೂ ಬಲ್ಲದು. ತನ್ನ ಒಂದು ಮೌಲ್ಯವನ್ನು ಹೀಗೆ ಒಳಗಿನಿಂದಲೇ ವಿಮರ್ಶಿಸುವ ಸಮಾಜವನ್ನು ಒಂದು ಅಂಕದಲ್ಲಿ ಹಿಡಿದಿಡುವುದು ಹೇಗೆ?

ವ್ಯಾಕರಣದ ಮಟ್ಟದಲ್ಲಿಯೂ ಇದೇ ತೊಡಕು ಎದುರಾಗುತ್ತದೆ. ಇಂಗ್ಲಿಷಿನ 'ಯೂ' ಎಂಬ ಸರ್ವನಾಮ ಮಾಲೀಕನಿಗೂ ಕಾವಲುಗಾರನಿಗೂ ಸಲ್ಲುತ್ತದೆ. ಕನ್ನಡದಲ್ಲಿ ಮಾತು ಆರಂಭವಾಗುವ ಮುನ್ನವೇ ನೀನು-ನೀವುಗಳ ನಡುವೆ ಆಯ್ಕೆಯಾಗಬೇಕು. 'ಬಾ', 'ಬನ್ನಿ', 'ಬರಬೇಕು' ಎಂಬ ರೂಪಗಳಲ್ಲಿ ಒಂದನ್ನು ಆರಿಸಬೇಕು. ಧಾರವಾಡದ ಕಡೆಯ ಮಾತಿನಲ್ಲಿ 'ರೀ' ಸೇರಿದರೆ ಒಂದು ಸಂಬಂಧ, ಬಿಟ್ಟರೆ ಇನ್ನೊಂದು. ಈ ಆಯ್ಕೆಯಲ್ಲಿ ವಯಸ್ಸು, ಜಾತಿ, ಲಿಂಗ, ನೆಂಟಸ್ತಿಕೆ, ಸಲಿಗೆ ಎಲ್ಲವೂ ಕೆಲಸ ಮಾಡುತ್ತವೆ. ಜಾತಿಯ ಕ್ರೌರ್ಯ ಕೂಡ ಬಹಳ ಸಲ ಏಕವಚನದಲ್ಲಿಯೇ ಪ್ರಕಟವಾಗಿದೆ. ಹಾಗೆಯೇ ಅತ್ಯಂತ ಗಾಢವಾದ ಪ್ರೀತಿಯೂ ಏಕವಚನವನ್ನೇ ಬಳಸುತ್ತದೆ. ಕನ್ನಡ ಬಲ್ಲ ಸಂಶೋಧಕ ಒಂದು ಕಾರ್ಖಾನೆಯ ಆವರಣದಲ್ಲಿ ಒಂದು ದಿನ ಕಿವಿಗೊಟ್ಟು ಕೂತರೆ ಅಧಿಕಾರದ ಅಂತರದ ಬಗ್ಗೆ ತಿಳಿಯಬಹುದಾದದ್ದು ಬಹಳಷ್ಟಿದೆ. ಅದು ಅಚ್ಚಾದ ಪ್ರಶ್ನಾವಳಿಯ ಮೂಲಕ ಹೊರಬರುವಂಥದ್ದಲ್ಲ.

5

ಸಂಸ್ಕೃತಿಯನ್ನು ಭಾಷೆಯ ಒಳಗಿನಿಂದ ನೋಡಿದ ವಿದ್ವಾಂಸರು ನಮ್ಮಲ್ಲಿ ಇಲ್ಲದಿಲ್ಲ. ಹಾಫ್‌ಸ್ಟೆಡ್ ಅವರಿಗಿಂತ ಒಂದು ವರ್ಷಕ್ಕೆ ಕಿರಿಯರಾದ, ಮೈಸೂರಿನಲ್ಲಿ ಹುಟ್ಟಿ ಷಿಕಾಗೊ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಎ. ಕೆ. ರಾಮಾನುಜನ್ (1929-1993) ಭಾರತೀಯ ಚಿಂತನಕ್ರಮವೊಂದು ಇದೆಯೇ ಎಂಬ ಪ್ರಶ್ನೆಯನ್ನು 1989ರ ತಮ್ಮ ಪ್ರಬಂಧದಲ್ಲಿ ಎತ್ತಿಕೊಂಡರು. ಆ ಒಂದೇ ವಾಕ್ಯದಲ್ಲಿ ಯಾವ ಪದಕ್ಕೆ ಒತ್ತು ಬೀಳುತ್ತದೆ ಎಂಬುದರ ಮೇಲೆ ಅದು ಬೇರೆಬೇರೆ ಪ್ರಶ್ನೆಗಳಾಗುವುದನ್ನು ಅವರು ಮೊದಲಿಗೇ ತೋರಿಸಿದರು. ಸಂದರ್ಭವನ್ನು ಅನುಸರಿಸಿ ಬದಲಾಗುವ ನಿಯಮಗಳಿಗೂ ಎಲ್ಲ ಸಂದರ್ಭಗಳಿಗೂ ಒಂದೇ ಆಗಿರಬೇಕೆಂದು ಬಯಸುವ ನಿಯಮಗಳಿಗೂ ಇರುವ ವ್ಯತ್ಯಾಸವೇ ಅವರ ವಾದದ ತಿರುಳು. ಪ್ರಶ್ನಾವಳಿ ಎಂಬುದು ಸ್ವಭಾವತಃ ಸಂದರ್ಭಮುಕ್ತವಾದ ಸಾಧನ. ಸಂದರ್ಭವನ್ನು ನೋಡಿ ನಡೆಯುವುದೇ ರೂಢಿಯಾಗಿರುವವರಿಗೆ 'ನೀವು ಸಾಮಾನ್ಯವಾಗಿ ಏನು ಮಾಡುತ್ತೀರಿ' ಎಂದು ಕೇಳಿದರೆ, 'ಯಾರೊಡನೆ, ಯಾವಾಗ' ಎಂಬ ಮರುಪ್ರಶ್ನೆಗೆ ಆ ಹಾಳೆಯಲ್ಲಿ ಸ್ಥಳವಿರುವುದಿಲ್ಲ.

ಮೈಸೂರಿನವರೇ ಆದ ಎಂ. ಎನ್. ಶ್ರೀನಿವಾಸ್ ಅವರು 1948ರಲ್ಲಿ ರಾಂಪುರ ಎಂದು ಹೆಸರಿಸಿದ ಹಳ್ಳಿಯಲ್ಲಿ ಉಳಿದು ಕ್ಷೇತ್ರಕಾರ್ಯ ನಡೆಸಿದರು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಬೆಂಕಿ ಬಿದ್ದು ಅವರ ಸಂಸ್ಕರಿಸಿದ ಟಿಪ್ಪಣಿಗಳು ಸುಟ್ಟುಹೋದ ಮೇಲೆ, ನೆನಪಿನ ಬಲದಿಂದ ಬರೆದ ಗ್ರಂಥ 1976ರಲ್ಲಿ ಪ್ರಕಟವಾಯಿತು. ಲಕ್ಷಕ್ಕೂ ಮಿಕ್ಕಿದ ಉತ್ತರಪತ್ರಿಕೆಗಳು ಒಂದೆಡೆ, ಒಂದೇ ಹಳ್ಳಿಯ ನೆನಪು ಇನ್ನೊಂದೆಡೆ. ಶ್ರೇಣೀಕರಣ ದಿನನಿತ್ಯ ಹೇಗೆ ಮಾತಾಗುತ್ತದೆ, ಹೇಗೆ ಪ್ರಶ್ನೆಗೊಳಗಾಗುತ್ತದೆ ಎಂಬುದನ್ನು ಹೆಚ್ಚು ತಿಳಿಸುವುದು ಎರಡನೆಯದೇ. ಆದರೆ ಅದನ್ನು ಬೇರೆ ದೇಶಗಳೊಡನೆ ತೂಗಿ ನೋಡುವ ಅನುಕೂಲ ಮೊದಲನೆಯದಕ್ಕಿದೆ ಎಂಬುದನ್ನೂ ಒಪ್ಪಬೇಕು.

ಈ ಎರಡು ದಾರಿಗಳು ಎಂದಿಗೂ ಕೂಡಲಾರವೇ? ಹಾಫ್‌ಸ್ಟೆಡ್ ಅವರ ಬದುಕಿನಲ್ಲಿಯೇ ಇದಕ್ಕೆ ಉತ್ತರವಿದೆ. ಹಾಂಗ್‌ಕಾಂಗಿನ ಚೈನೀಸ್ ವಿಶ್ವವಿದ್ಯಾಲಯದಲ್ಲಿದ್ದ ಮೈಕಲ್ ಹ್ಯಾರಿಸ್ ಬಾಂಡ್, ಪಾಶ್ಚಾತ್ಯರು ರೂಪಿಸಿದ ಪ್ರಶ್ನೆಗಳನ್ನು ಅನುವಾದಿಸುವ ಬದಲು, ಚೀನೀ ಜನರಿಗೆ ಮೂಲಭೂತವಾದ ಮೌಲ್ಯಗಳು ಯಾವುವೆಂದು ಚೀನೀ ವಿದ್ವಾಂಸರನ್ನೇ ಕೇಳಿ 40 ಅಂಶಗಳ ಪ್ರಶ್ನಾವಳಿಯನ್ನು ಸಿದ್ಧಪಡಿಸಿದರು. ಅದನ್ನು ಇಪ್ಪತ್ತಕ್ಕೂ ಹೆಚ್ಚು ದೇಶಗಳ ವಿದ್ಯಾರ್ಥಿಗಳಿಗೆ ಕೊಟ್ಟು 1987ರಲ್ಲಿ ಫಲಿತಾಂಶ ಪ್ರಕಟಿಸಿದಾಗ, ಹಾಫ್‌ಸ್ಟೆಡ್ ಅವರ ನಾಲ್ಕು ಆಯಾಮಗಳಲ್ಲಿ ಒಂದಕ್ಕೆ, ಅಂದರೆ ಅನಿಶ್ಚಿತತೆಯನ್ನು ದೂರವಿಡುವ ಪ್ರವೃತ್ತಿಗೆ, ಅಲ್ಲಿ ಸಮಾನವಾದುದು ದೊರೆಯಲಿಲ್ಲ. ಬದಲಿಗೆ ಅವರ ಪಟ್ಟಿಯಲ್ಲಿ ಇರದಿದ್ದ ಹೊಸದೊಂದು ಆಯಾಮ ಕಾಣಿಸಿಕೊಂಡಿತು. ಪ್ರಶ್ನೆ ಕೇಳುವವರ ಮನಸ್ಸು ಬದಲಾದರೆ ಜಗತ್ತಿನ ಚಿತ್ರವೇ ಬದಲಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ. ಹಾಫ್‌ಸ್ಟೆಡ್ ಇದನ್ನು ತಳ್ಳಿಹಾಕಲಿಲ್ಲ. ಅದನ್ನು ಐದನೆಯ ಆಯಾಮವಾಗಿ ಸ್ವೀಕರಿಸಿ ದೀರ್ಘಕಾಲೀನ ದೃಷ್ಟಿ ಎಂದು ಹೆಸರಿಟ್ಟರು. 2010ರಲ್ಲಿ, ತಮ್ಮ ಎಂಬತ್ತು ದಾಟಿದ ವಯಸ್ಸಿನಲ್ಲಿ, ಬಲ್ಗೇರಿಯದ ಮೈಕಲ್ ಮಿಂಕೊವ್ ಅವರ ಅಧ್ಯಯನದ ಆಧಾರದಿಂದ ಆರನೆಯದನ್ನೂ ಸೇರಿಸಿಕೊಂಡರು. ತನ್ನ ಚೌಕಟ್ಟನ್ನು ಬೇರೆಯವರ ಪ್ರಶ್ನೆಗಳಿಗೆ ತೆರೆದಿಡುವ ಈ ಗುಣವೇ ಅವರ ವಿದ್ವತ್ತಿನ ಅತ್ಯುತ್ತಮ ಭಾಗ. ಅವರ ಅಂಕಗಳನ್ನು ಉರುಹೊಡೆಯುವವರು ಈ ಭಾಗವನ್ನೇ ಕೈಬಿಟ್ಟಿದ್ದಾರೆ.

6

ಸಂಸ್ಕೃತಿಯ ವಿವರಣೆಯನ್ನು ತಪ್ಪಾಗಿ ಬಳಸಿದಾಗ ಆಗುವ ಹಾನಿ ವಿದ್ವತ್ ವಲಯಕ್ಕಷ್ಟೇ ಸೀಮಿತವಲ್ಲ. 2020ರ ಡಿಸೆಂಬರ್ 12ರಂದು ಕೋಲಾರ ಜಿಲ್ಲೆಯ ನರಸಾಪುರದಲ್ಲಿ, ಐಫೋನ್ ತಯಾರಿಸುತ್ತಿದ್ದ ತೈವಾನ್ ಮೂಲದ ವಿಸ್ಟ್ರಾನ್ ಕಂಪನಿಯ ಕಾರ್ಖಾನೆಯಲ್ಲಿ ಕಾರ್ಮಿಕರ ಆಕ್ರೋಶ ಸ್ಫೋಟಿಸಿತು. ಅಲ್ಲಿದ್ದವರಲ್ಲಿ ಬಹುಪಾಲು ಗುತ್ತಿಗೆ ಕಾರ್ಮಿಕರು; ತಕರಾರು ಇದ್ದದ್ದು ವೇತನದ ಬಗ್ಗೆ. ಕೆಲವು ಕಾರ್ಮಿಕರಿಗೆ ಸರಿಯಾಗಿ, ಸಕಾಲಕ್ಕೆ ವೇತನ ಸಂದಿಲ್ಲವೆಂದು ಮುಂದಿನ ದಿನಗಳಲ್ಲಿ ಕಂಪನಿಯೇ ಒಪ್ಪಿಕೊಂಡು ಕ್ಷಮೆ ಕೇಳಿತು. ಭಾರತದ ವ್ಯವಹಾರ ನೋಡಿಕೊಳ್ಳುತ್ತಿದ್ದ ಉಪಾಧ್ಯಕ್ಷರನ್ನು ಹುದ್ದೆಯಿಂದ ತೆಗೆಯಿತು. 2023ರಲ್ಲಿ ಆ ಕಾರ್ಖಾನೆ ಟಾಟಾ ಸಂಸ್ಥೆಯ ಪಾಲಾಯಿತು.

ಭಾರತೀಯರು ಮೇಲಿನವರಿಗೆ ಎದುರಾಡದವರು ಎಂದು ನಂಬಿದ ವ್ಯವಸ್ಥಾಪಕನಿಗೆ ಇಂಥ ಘಟನೆ ಅನಿರೀಕ್ಷಿತ. ಇಲ್ಲಿನ ಮೌನ ಒಪ್ಪಿಗೆಯಲ್ಲ, ಕಾಯುವಿಕೆ ಎಂದು ತಿಳಿದವರಿಗೆ ಅದು ಅಷ್ಟು ಅನಿರೀಕ್ಷಿತವಲ್ಲ. ಇದಕ್ಕಿಂತ ಮುಖ್ಯವಾದ ಮಾತೊಂದಿದೆ. ಸಂಬಳ ಸಿಗದವನ ಸಿಟ್ಟನ್ನು ಸಂಸ್ಕೃತಿಯ ಭಾಷೆಯಲ್ಲಿ ವಿವರಿಸಹೊರಟರೆ ಸಂಬಳದ ಪ್ರಶ್ನೆಯೇ ಮರೆಯಾಗುವ ಅಪಾಯವಿದೆ. ತಿಂಗಳ ಕೊನೆಗೆ ಕೆಲಸ ಉಳಿಯುವುದೋ ಇಲ್ಲವೋ ತಿಳಿಯದ ಗುತ್ತಿಗೆಯಾಳು ಮಾತಾಡದಿದ್ದರೆ ಅದು ಅಧಿಕಾರದ ಅಂತರವಲ್ಲ, ಗುತ್ತಿಗೆಯ ಷರತ್ತು. ಹೆದರಿಕೆ ಮತ್ತು ದಾಕ್ಷಿಣ್ಯಗಳನ್ನು ಬೇರ್ಪಡಿಸಿ ನೋಡಬೇಕೆಂಬ ಒತ್ತಾಯ ಇಲ್ಲಿ ಬರಿಯ ಶಬ್ದಾರ್ಥದ ಚರ್ಚೆಯಾಗಿ ಉಳಿಯುವುದಿಲ್ಲ. ಅದು ನ್ಯಾಯದ ಪ್ರಶ್ನೆಯಾಗುತ್ತದೆ. ಹೆದರಿಕೆಯನ್ನು ಸಂಸ್ಕೃತಿ ಎಂದು ಕರೆದರೆ ಅದನ್ನು ಹೋಗಲಾಡಿಸುವ ಹೊಣೆ ಯಾರಿಗೂ ಇರುವುದಿಲ್ಲ.

ಇದೇ ಎಚ್ಚರ ಕನ್ನಡ ಅಧ್ಯಯನಕಾರರಿಗೂ ಇರಬೇಕು. ದೇಶಕ್ಕೆ ಒಂದು ಅಂಕ ಕೊಡುವುದು ತಪ್ಪಾದರೆ, 'ಕನ್ನಡಿಗರು ಸಹನಶೀಲರು', 'ಕನ್ನಡಿಗರು ಉದಾರಿಗಳು' ಎಂದು ಕನ್ನಡ ಜಗತ್ತಿಗೆ ಒಂದು ಗುಣವನ್ನು ಅಂಟಿಸುವುದೂ ಅದೇ ತಪ್ಪಿನ ಸಣ್ಣ ರೂಪ. ಕೊಡಗಿನ ತೋಟದ ಕೂಲಿಯ ಮೌನ, ಇಳಕಲ್ಲಿನ ನೇಕಾರನ ಮೌನ, ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಯ ಹೆಣ್ಣುಮಗಳ ಮೌನಗಳು ಒಂದೇ ಬಗೆಯವಲ್ಲ. 'ಕಾಯಕ'ವೆಂಬ ಹನ್ನೆರಡನೆಯ ಶತಮಾನದ ಪರಿಕಲ್ಪನೆಯನ್ನು ಅದರ ಜೊತೆಗಿದ್ದ ದಾಸೋಹದಿಂದ ಬೇರ್ಪಡಿಸಿ, ಹೆಚ್ಚು ದುಡಿಯಿರಿ ಎಂಬ ಉಪದೇಶವಾಗಿ ಕಂಪನಿಗಳ ವೇದಿಕೆಯಲ್ಲಿ ಬಳಸುವುದನ್ನು ಕೂಡ ಪ್ರಶ್ನಿಸಬೇಕಾಗಿದೆ. ಅಂದಂದಿನ ಅಗತ್ಯಕ್ಕೆ ಮೀರಿದ ಅಕ್ಕಿಯನ್ನು ತಂದ ಗಂಡನಿಗೆ ಅದನ್ನು ಹಿಂದಿರುಗಿಸಿ ಬರುವಂತೆ ಹೇಳಿದ ಆಯ್ದಕ್ಕಿ ಲಕ್ಕಮ್ಮನ ಕಥನ, ಉತ್ಪಾದಕತೆಯ ಉಪದೇಶಕ್ಕೆ ಅಷ್ಟು ಸುಲಭವಾಗಿ ಒಗ್ಗುವಂಥದ್ದಲ್ಲ.

7

ಈ ಹಿನ್ನೆಲೆಯಲ್ಲಿ ಕನ್ನಡ ವಿಭಾಗಗಳು ಕೈಗೊಳ್ಳಬಹುದಾದ ಕೆಲವು ಕಾರ್ಯಗಳು ಸ್ಪಷ್ಟವಾಗಿವೆ. ಬಾಂಡ್ ಚೀನೀ ಮೌಲ್ಯಗಳ ವಿಷಯದಲ್ಲಿ ಮಾಡಿದ ಕೆಲಸವನ್ನು ಕನ್ನಡದ ನೆಲೆಯಿಂದ ಮಾಡಲು ಬೇಕಾದ ಸಾಮಗ್ರಿ ನಮ್ಮ ನಿಘಂಟುಗಳಲ್ಲಿ, ಗಾದೆಗಳ ಸಂಗ್ರಹಗಳಲ್ಲಿ, ಕಾದಂಬರಿಗಳ ಸಂಭಾಷಣೆಗಳಲ್ಲಿ ಈಗಾಗಲೇ ಇದೆ. ದಾಕ್ಷಿಣ್ಯ, ಹಂಗು, ಋಣ, ಮರ್ಯಾದೆ, ಸಲಿಗೆ, ಸಂಕೋಚ ಮುಂತಾದ ಪದಗಳ ಪ್ರಯೋಗಗಳನ್ನು ಪ್ರದೇಶ, ಜಾತಿ, ವೃತ್ತಿಗಳ ಭೇದವನ್ನು ಗಮನಿಸಿ ಸಂಗ್ರಹಿಸಿ ವಿಶ್ಲೇಷಿಸುವುದು ಒಂದು ಪಿಎಚ್.ಡಿ. ಪ್ರಬಂಧಕ್ಕೆ ತಕ್ಕ ವಿಷಯ. ಕಾರ್ಖಾನೆ, ಕಚೇರಿ, ಆಸ್ಪತ್ರೆ, ಗೋದಾಮುಗಳಲ್ಲಿ ಇಂದು ಆಡಲಾಗುತ್ತಿರುವ ಕನ್ನಡವನ್ನು ದಾಖಲಿಸುವ ಕ್ಷೇತ್ರಕಾರ್ಯ ಇನ್ನೊಂದು. ಜಾನಪದ ಸಂಗ್ರಹಕ್ಕಾಗಿ ಹಳ್ಳಿಗಳಿಗೆ ಹೋದ ಪರಂಪರೆ ನಮ್ಮ ವಿಭಾಗಗಳಿಗಿದೆ. ಅದೇ ಶ್ರದ್ಧೆಯಿಂದ ಕೈಗಾರಿಕಾ ಪ್ರದೇಶಗಳಿಗೂ ಹೋಗಬೇಕಾಗಿದೆ. ನಿರ್ವಹಣಾ ವಿಭಾಗಗಳಲ್ಲಿ ಕನ್ನಡ ಮಾತಾಡುವ ನೌಕರರನ್ನು ಕುರಿತು ಸಂಶೋಧನೆ ಮಾಡುವವರಿಗೆ ಪ್ರಶ್ನಾವಳಿಯ ಅನುವಾದಕ್ಕೆ ಮಾತ್ರ ಕನ್ನಡ ವಿಭಾಗದ ನೆರವು ಸಾಲದು. ಪ್ರಶ್ನೆಗಳನ್ನು ರೂಪಿಸುವ ಹಂತದಲ್ಲಿಯೇ ಸಹಮಾರ್ಗದರ್ಶನ ಸಾಧ್ಯವಾಗಬೇಕು.

ಇದಕ್ಕೆ ಕನ್ನಡ ವಿಭಾಗಗಳು ತಮ್ಮ ಸಂಕೋಚವನ್ನು ಬಿಡಬೇಕು. ವಾಣಿಜ್ಯದ ಜಗತ್ತು ತಮಗೆ ಸಂಬಂಧಿಸಿದ್ದಲ್ಲ ಎಂಬ ಭಾವನೆಯಿಂದ ಇದುವರೆಗೆ ದೂರ ನಿಂತದ್ದರಿಂದ, ಕನ್ನಡಿಗರ ದುಡಿಮೆಯ ಬದುಕನ್ನು ವಿವರಿಸುವ ಅಧಿಕಾರ ಕನ್ನಡವನ್ನೇ ಕೇಳಿಸಿಕೊಳ್ಳದವರ ಕೈಗೆ ಹೋಗಿದೆ. ಕಾರ್ಖಾನೆಯ ಕಾರ್ಮಿಕನಾಗಿ ಆರಂಭಿಸಿ, ಬೇರೊಂದು ಉದ್ದೇಶಕ್ಕೆಂದು ತುಂಬಿಸಿದ್ದ ಕಾಗದಗಳಲ್ಲಿ ಜಗತ್ತಿನ ಸಂಸ್ಕೃತಿಗಳನ್ನು ಓದಲು ಹೊರಟ ಎಂಜಿನಿಯರ್ ಒಬ್ಬರು, ತಮ್ಮ ಪ್ರಶ್ನೆಗಳ ಮಿತಿಯನ್ನು ಬೇರೆಯವರ ಪ್ರಶ್ನೆಗಳಿಂದ ಅರಿತುಕೊಂಡರು. ಚೀನೀ ಭಾಷಿಕರ ಪ್ರಶ್ನೆಗಳು ಹಾಫ್‌ಸ್ಟೆಡ್ ಅವರನ್ನು ತಲುಪಿದವು. ಕನ್ನಡದ ಪ್ರಶ್ನೆಗಳು ಇನ್ನೂ ಸಿದ್ಧವಾಗಿಲ್ಲ. ಅವುಗಳನ್ನು ಸಿದ್ಧಪಡಿಸುವ ಕೆಲಸವನ್ನು ಕನ್ನಡ ವಿಭಾಗಗಳಲ್ಲದೆ ಬೇರೆ ಯಾರೂ ಮಾಡಿಕೊಡಲಾರರು.